ಮಗುವನ್ನು ‘ಟೆಸ್ಟ್ ಮಾಡಿಸೋಣವೇ’ ಎಂದು ಸ್ಕೂಲ್ ಕೇಳಿದಾಗ

ಶುಕ್ರವಾರ ಸಂಜೆ. ಅನ್ನಕ್ಕೆ ಕುಕ್ಕರ್ ಇಟ್ಟು ಫೋನ್ ನೋಡಿದರೆ ಸ್ಕೂಲಿನಿಂದ ಈಮೇಲ್. ಎರಡನೇ ಕ್ಲಾಸಿನ ಟೀಚರ್ ಬಹಳ ನಯವಾಗಿ ಬರೆದಿದ್ದಾರೆ: ಹುಡುಗ ತುಂಬಾ ಒಳ್ಳೆಯವನು, ಚೆನ್ನಾಗಿ ಪ್ರಶ್ನೆ ಕೇಳುತ್ತಾನೆ, ಆದರೆ ಓದುವುದರಲ್ಲಿ ಹಿಂದಿದ್ದಾನೆ, ಸ್ಕೂಲ್ ಸೈಕಾಲಜಿಸ್ಟ್ ಒಮ್ಮೆ ನೋಡಿದರೆ ಹೇಗೆ? ಆ ಒಂದು ಪದ ಕಣ್ಣಿಗೆ ಬಿದ್ದ ಮೇಲೆ ಉಳಿದ ಯಾವ ಪದವೂ ಕಾಣುವುದಿಲ್ಲ. ಸೈಕಾಲಜಿಸ್ಟ್! ನಮ್ಮ ಮಗುವಿಗೆ?

ಇಂಥ ಈಮೇಲ್ ನನಗೂ ಬಂದಿತ್ತು. ನಾನು ಮಾಡಿದ ಮೊದಲ ಕೆಲಸ, ಅದನ್ನು ಯಾರಿಗೂ ಹೇಳದೆ ಮುಚ್ಚಿಟ್ಟದ್ದು. ಎರಡನೆಯದು, ಮಗನನ್ನು ದಿನಾ ಇನ್ನೂ ಅರ್ಧ ಗಂಟೆ ಹೆಚ್ಚು ಓದಲು ಕೂರಿಸಿದ್ದು. ಮೂರನೆಯದು, ‘ಮನೆಯಲ್ಲಿ ಕನ್ನಡ ಮಾತಾಡುತ್ತೇವಲ್ಲ, ಅದಕ್ಕೇ ಹೀಗೆ’ ಎಂದು ಕನ್ನಡದ ಮೇಲೆ ತಪ್ಪು ಹೊರಿಸಿದ್ದು. ಹೀಗೆ ಒಂದೂವರೆ ವರ್ಷ ಕಳೆಯಿತು. ಆ ಒಂದೂವರೆ ವರ್ಷದಲ್ಲಿ ಅವನು ಚೆನ್ನಾಗಿ ಕಲಿತ ಪಾಠ ಒಂದೇ: ‘ನಾನು ದಡ್ಡ’.

ಆ ಪಾಠ ನಿಮ್ಮ ಮಗು ಕಲಿಯದಿರಲಿ ಎಂದು ಈ ತಿಂಗಳ ಅಂಕಣ. ನನಗೆ ಗೊತ್ತಿರುವುದು ಅಮೆರಿಕದ ವ್ಯವಸ್ಥೆ, ಆದ್ದರಿಂದ ಕಾನೂನಿನ ವಿವರಗಳು ಅಲ್ಲಿಯವು. ಆದರೆ ಪರೀಕ್ಷೆ ಹೇಗಿರುತ್ತದೆ, ವರದಿಯನ್ನು ಹೇಗೆ ಓದಬೇಕು, ಮಗುವಿಗೆ ಏನು ಹೇಳಬೇಕು ಎಂಬುದು ನೀವು ಲಂಡನ್ನಿನಲ್ಲಿದ್ದರೂ ಮೆಲ್ಬರ್ನಿನಲ್ಲಿದ್ದರೂ ಉಪಯೋಗಕ್ಕೆ ಬರುತ್ತದೆ.

ಇದು ಪಾಸು–ಫೇಲಿನ ಪರೀಕ್ಷೆಯಲ್ಲ

ನಾವು ಬೆಳೆದ ಊರುಗಳಲ್ಲಿ ಪರೀಕ್ಷೆ ಎಂದರೆ ಮಾರ್ಕ್ಸು, ರ್‍ಯಾಂಕು. ಇದು ಆ ಜಾತಿಯದಲ್ಲ. ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ಎಂದು ರಕ್ತ ಪರೀಕ್ಷೆ ಮಾಡಿಸುವುದಿಲ್ಲವೇ, ಹಾಗೆ. ಕಷ್ಟ ಎಲ್ಲಿದೆ ಎಂದು ಹುಡುಕುವುದಷ್ಟೇ ಅದರ ಕೆಲಸ.

ಶಾಲೆ ಮಾಡುವ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಎರಡು ಮುಖ್ಯ ಭಾಗಗಳಿರುತ್ತವೆ. ಒಂದು, ಮಗು ಹೇಗೆ ಯೋಚಿಸುತ್ತದೆ ಎಂದು ನೋಡುವುದು. 6ರಿಂದ 16 ವರ್ಷದ ಮಕ್ಕಳಿಗೆ ಹೆಚ್ಚಾಗಿ ಬಳಸುವುದು ವೆಕ್ಸ್ಲರ್ ಪರೀಕ್ಷೆ, ಎಲ್ಲರೂ ‘ವಿಸ್ಕ್’ ಎನ್ನುತ್ತಾರೆ. ಅದು ಐದು ವಿಷಯಗಳನ್ನು ಅಳೆಯುತ್ತದೆ: ಮಾತಿನ ಮೂಲಕ ಅರ್ಥಮಾಡಿಕೊಳ್ಳುವುದು, ಆಕಾರಗಳನ್ನು ಗ್ರಹಿಸುವುದು, ಹೊಸ ಸಮಸ್ಯೆಯನ್ನು ತರ್ಕದಿಂದ ಬಿಡಿಸುವುದು, ಕೇಳಿದ್ದನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿ ಹಿಡಿದುಕೊಂಡು ಕೆಲಸ ಮಾಡುವುದು, ಸುಲಭದ ಕೆಲಸವನ್ನು ಎಷ್ಟು ಬೇಗ ಮಾಡುತ್ತದೆ ಎನ್ನುವುದು. ಎರಡನೇ ಭಾಗ, ಓದು, ಬರಹ, ಲೆಕ್ಕದಲ್ಲಿ ಮಗು ಎಲ್ಲಿದೆ ಎಂದು ನೋಡುವುದು. ಇದರ ಜೊತೆಗೆ ಟೀಚರಿಗೂ ನಿಮಗೂ ಪ್ರಶ್ನಾವಳಿ ಕೊಡುತ್ತಾರೆ, ಕ್ಲಾಸಿನಲ್ಲಿ ಮಗುವನ್ನು ಗಮನಿಸುತ್ತಾರೆ. ಕಣ್ಣು, ಕಿವಿಯ ತಪಾಸಣೆ ಮಾಡಿಸಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಬೋರ್ಡ್ ಕಾಣದ ಮಗುವಿಗೆ ಬೇಕಾದದ್ದು ಕನ್ನಡಕ.

ನ್ಯೂರೋಸೈಕಾಲಜಿ ಪರೀಕ್ಷೆ ಇದಕ್ಕಿಂತ ವಿಸ್ತಾರವಾದದ್ದು. ಅದನ್ನು ಮಾಡುವವರು ಆ ವಿಷಯದಲ್ಲಿ ವಿಶೇಷ ತರಬೇತಿ ಪಡೆದ ಸೈಕಾಲಜಿಸ್ಟ್. ನೆನಪು, ಗಮನ, ಭಾಷೆ, ಕೈಕೆಲಸದ ಚುರುಕು, ಯೋಜನೆ ಹಾಕಿಕೊಳ್ಳುವ ಶಕ್ತಿ ಎಲ್ಲವನ್ನೂ ಗಂಟೆಗಟ್ಟಲೆ ಕೂತು ನೋಡುತ್ತಾರೆ. ಅವಧಿಗೆ ಬಹಳ ಮುಂಚೆ ಹುಟ್ಟಿದ ಮಗು, ಫಿಟ್ಸ್ ಬರುವ ಮಗು, ತಲೆಗೆ ಪೆಟ್ಟು ಬಿದ್ದ ಮಗು, ಶಾಲೆಯ ಪರೀಕ್ಷೆಯಿಂದ ಉತ್ತರ ಸಿಗದ ಮಗು, ಇಂಥವರಿಗೆ ಇದು ಬೇಕಾಗುತ್ತದೆ. ಖಾಸಗಿಯಾಗಿ ಮಾಡಿಸಿದರೆ ಸಾವಿರಾರು ಡಾಲರ್ ಖರ್ಚು, ತಿಂಗಳುಗಟ್ಟಲೆ ಕಾಯಬೇಕು. ಬರೀ ಓದಿನ ತೊಂದರೆಗೆ ಇನ್ಶೂರೆನ್ಸ್‌ನವರು ಬಹಳ ಸಲ ಹಣ ಕೊಡುವುದಿಲ್ಲ. ವೈದ್ಯಕೀಯ ಕಾರಣ ಇದ್ದರೆ ಕೊಡಬಹುದು, ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಸೈಕಾಲಜಿ ವಿಭಾಗ ಇರುವ ವಿಶ್ವವಿದ್ಯಾಲಯಗಳು ತರಬೇತಿ ಕ್ಲಿನಿಕ್ ನಡೆಸುತ್ತಿದ್ದರೆ ಅಲ್ಲಿ ಕಡಿಮೆ ದರಕ್ಕೆ ಆಗುವುದುಂಟು.

ಕಾನೂನು ನಿಮ್ಮ ಕಡೆ ಇದೆ

ಶಾಲೆಯ ಪರೀಕ್ಷೆಗೆ ಒಂದು ಡಾಲರೂ ಕೊಡಬೇಕಿಲ್ಲ. 1975ರಲ್ಲಿ ಬಂದು, 1990ರಲ್ಲಿ ಐಡಿಇಎ ಎಂದು ಹೆಸರು ಬದಲಾಯಿಸಿಕೊಂಡ ಕಾಯ್ದೆಯ ಪ್ರಕಾರ, ತೊಂದರೆ ಇರಬಹುದಾದ ಮಕ್ಕಳನ್ನು ಹುಡುಕಿ ಪರೀಕ್ಷಿಸುವುದು ಶಾಲಾ ಜಿಲ್ಲೆಯ ಹೊಣೆ. ಸ್ಕೂಲ್ ಕೇಳಲಿ ಎಂದು ಕಾಯಬೇಕಾಗಿಲ್ಲ, ನೀವೇ ಕೇಳಬಹುದು. ಬಾಯಲ್ಲಿ ಹೇಳಿದರೆ ಸಾಲದು. ‘ನನ್ನ ಮಗುವನ್ನು ಅನುಮಾನ ಇರುವ ಎಲ್ಲ ವಿಷಯಗಳಲ್ಲೂ ಪರೀಕ್ಷಿಸಬೇಕೆಂದು ಕೋರುತ್ತೇನೆ’ ಎಂದು ತಾರೀಕು ಹಾಕಿ ಪ್ರಿನ್ಸಿಪಾಲರಿಗೆ ಬರೆಯಿರಿ. ಒಂದೋ ಅವರು ಪರೀಕ್ಷೆಗೆ ನಿಮ್ಮ ಒಪ್ಪಿಗೆ ಕೇಳಬೇಕು, ಇಲ್ಲವೇ ಯಾಕೆ ಮಾಡುವುದಿಲ್ಲ ಎಂದು ಬರವಣಿಗೆಯಲ್ಲಿ ತಿಳಿಸಬೇಕು. ನೀವು ಒಪ್ಪಿಗೆಗೆ ಸಹಿ ಹಾಕಿದ ದಿನದಿಂದ 60 ದಿನಗಳೊಳಗೆ ಪರೀಕ್ಷೆ ಮುಗಿಯಬೇಕು. ಕೆಲವು ರಾಜ್ಯಗಳು ತಮ್ಮದೇ ಗಡುವು ಇಟ್ಟುಕೊಂಡಿವೆ, ನಿಮ್ಮ ರಾಜ್ಯದ್ದು ನೋಡಿಕೊಳ್ಳಿ.

‘ಮೊದಲು ಆರು ತಿಂಗಳು ಸಣ್ಣ ಗುಂಪಿನಲ್ಲಿ ಓದಿಸಿ ನೋಡೋಣ, ಆಮೇಲೆ ಟೆಸ್ಟ್’ ಎಂದು ಶಾಲೆಗಳು ಹೇಳುವುದುಂಟು. ಗುಂಪಿನಲ್ಲಿ ಓದಿಸುವುದು ಒಳ್ಳೆಯದೇ. ಆದರೆ ಅದನ್ನೇ ನೆಪ ಮಾಡಿಕೊಂಡು ಪರೀಕ್ಷೆಯನ್ನು ಮುಂದೂಡುವಂತಿಲ್ಲ ಎಂದು ಅಮೆರಿಕದ ಶಿಕ್ಷಣ ಇಲಾಖೆ 2011ರಲ್ಲೇ ಸ್ಪಷ್ಟಪಡಿಸಿದೆ. ಎರಡೂ ಜೊತೆಜೊತೆಗೆ ನಡೆಯಬಹುದು.

ಇನ್ನೊಂದು ಮಾತು. ಪರೀಕ್ಷೆಗೆ ಒಪ್ಪಿದರೆ ಮಗುವನ್ನು ಬೇರೆ ಕ್ಲಾಸಿಗೆ ಹಾಕಲು ಒಪ್ಪಿದಂತೆ ಎಂದು ಹೆದರುವವರಿದ್ದಾರೆ. ಹಾಗಲ್ಲ. ಪರೀಕ್ಷೆಗೆ ಬೇರೆ ಒಪ್ಪಿಗೆ, ವಿಶೇಷ ಶಿಕ್ಷಣದ ಸೇವೆ ಶುರುಮಾಡಲು ಬೇರೆ ಒಪ್ಪಿಗೆ. ವರದಿ ನೋಡಿದ ಮೇಲೂ ನೀವು ‘ಬೇಡ’ ಎನ್ನಬಹುದು. ವರದಿ ಶಾಲೆಯ ದಾಖಲೆ, 1974ರ ಫೆರ್ಪಾ ಕಾಯ್ದೆಯ ರಕ್ಷಣೆ ಅದಕ್ಕಿದೆ. ಪಾಟ್‌ಲಕ್ಕಿನಲ್ಲಿ ಸಿಗುವ ಪಕ್ಕದ ಮನೆಯವರಿಗೆ ಅದು ಗೊತ್ತಾಗುವುದು ನೀವು ಹೇಳಿದರೆ ಮಾತ್ರ.

ಮನೆಯ ಭಾಷೆ ಯಾವುದು?

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದು ನಮ್ಮಲ್ಲಿ ಬಹಳ ಮಂದಿ ಮಾಡುವ ತಪ್ಪು.

ಮಗುವನ್ನು ಶಾಲೆಗೆ ಸೇರಿಸುವಾಗ ಒಂದು ಫಾರ್ಮ್ ಕೊಡುತ್ತಾರೆ. ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ, ಮಗು ಮೊದಲು ಕಲಿತ ಭಾಷೆ ಯಾವುದು ಎಂಬ ಪ್ರಶ್ನೆಗಳು. ‘ಕನ್ನಡ’ ಎಂದು ಬರೆದರೆ ಮಗುವನ್ನು ಇಂಗ್ಲಿಷ್ ಬಾರದವರ ಕ್ಲಾಸಿಗೆ ಹಾಕಿಬಿಡುತ್ತಾರೆ ಎಂದು ಯಾರೋ ಹೇಳಿದರು. ಎಲ್ಲ ಸಾಲಿನಲ್ಲೂ ‘ಇಂಗ್ಲಿಷ್’ ಎಂದು ಬರೆದೆ. ಮಗನನ್ನು ಮಾತಾಡಿಸುವುದೂ ಬೈಯುವುದೂ ಮುದ್ದಿಸುವುದೂ ಕನ್ನಡದಲ್ಲಿ, ಫಾರ್ಮಿನಲ್ಲಿ ಮಾತ್ರ ಇಂಗ್ಲಿಷ್.

ಅದರ ಫಲ ಪರೀಕ್ಷೆಯ ಹೊತ್ತಿಗೆ ಕಂಡಿತು. ಪದಗಳ ಅರ್ಥ ಕೇಳುವ ಭಾಗದಲ್ಲಿ ಅವನಿಗೆ ನಿರೀಕ್ಷೆಗಿಂತ ಕಡಿಮೆ ಬಂತು. ಹುಟ್ಟಿದಾಗಿನಿಂದ ಇಂಗ್ಲಿಷೊಂದನ್ನೇ ಕೇಳಿದ ಮಗು ಎಂದೇ ಅವರು ಅದನ್ನು ಅಳೆದಿದ್ದರು. ಎರಡು ಭಾಷೆಯ ಮಗುವಿನ ಪದಗಳು ಎರಡು ಡಬ್ಬಿಗಳಲ್ಲಿರುತ್ತವೆ. ಅಡುಗೆಮನೆಯ ಪದ, ಸಂಬಂಧಗಳ ಪದ, ಹೊಟ್ಟೆ ತೊಳಸುವುದು, ಮುನಿಸಿಕೊಳ್ಳುವುದು ಎಲ್ಲ ಕನ್ನಡದ ಡಬ್ಬಿಯಲ್ಲಿ. ಮಳೆಚಕ್ರ, ಭಿನ್ನರಾಶಿ ಇಂಗ್ಲಿಷಿನ ಡಬ್ಬಿಯಲ್ಲಿ. ಒಂದೇ ಡಬ್ಬಿ ತೆರೆದು ಎಣಿಸಿದರೆ ಲೆಕ್ಕ ಕಡಿಮೆ ಬರುವುದು ಸಹಜ.

ಇದು ಬರೀ ನಮ್ಮ ಮನೆಯ ಕತೆಯಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸ್ಪ್ಯಾನಿಷ್ ಮಾತಾಡುವ ಮಕ್ಕಳನ್ನು ಇಂಗ್ಲಿಷಿನಲ್ಲಿ ಪರೀಕ್ಷಿಸಿ, ಬುದ್ಧಿಮಾಂದ್ಯರೆಂದು ಹಣೆಪಟ್ಟಿ ಹಚ್ಚಿ ಬೇರೆ ಕ್ಲಾಸಿಗೆ ಕಳಿಸುತ್ತಿದ್ದರು. ಆ ಮಕ್ಕಳ ಪರವಾಗಿ ಹೂಡಿದ ‘ಡಯಾನಾ’ ಮೊಕದ್ದಮೆ 1970ರಲ್ಲಿ ರಾಜಿಯಾಗಿ, ಮನೆಯ ಭಾಷೆಯಲ್ಲೂ ಪರೀಕ್ಷಿಸಬೇಕೆಂದು ತೀರ್ಮಾನವಾಯಿತು. ಈಗಿನ ಕಾಯ್ದೆಯಲ್ಲೂ ಅದೇ ಇದೆ: ಮಗುವಿನ ಸರಿಯಾದ ಚಿತ್ರ ಸಿಗುವಂಥ ಭಾಷೆಯಲ್ಲಿ, ಸಾಧ್ಯವಾದಷ್ಟೂ ಅದರ ಸ್ವಂತ ಭಾಷೆಯಲ್ಲಿ ಪರೀಕ್ಷೆ ನಡೆಯಬೇಕು. ಇಂಗ್ಲಿಷ್ ಸಾಲದು ಎಂಬುದೇ ಮುಖ್ಯ ಕಾರಣವಾಗಿದ್ದರೆ ಆ ಮಗುವಿಗೆ ಅಂಗವೈಕಲ್ಯ ಇದೆ ಎಂದು ತೀರ್ಮಾನಿಸುವಂತಿಲ್ಲ. ಕನ್ನಡ ಬಲ್ಲ ಸೈಕಾಲಜಿಸ್ಟ್ ಸಿಗುವುದು ಕಷ್ಟ, ನಿಜ. ಆದರೆ ದುಭಾಷಿಯನ್ನು ಕರೆಸಬಹುದು, ಮಾತಿನ ಅವಲಂಬನೆ ಕಡಿಮೆ ಇರುವ ಪರೀಕ್ಷೆಗಳನ್ನು ಆರಿಸಬಹುದು, ಅಂಕಗಳನ್ನು ಎಚ್ಚರಿಕೆಯಿಂದ ಅರ್ಥೈಸಬಹುದು. ಇದೆಲ್ಲ ಆಗಬೇಕಾದರೆ ಮನೆಯಲ್ಲಿ ಕನ್ನಡ ಇದೆ ಎಂದು ಅವರಿಗೆ ಗೊತ್ತಿರಬೇಕು!

ಆದ್ದರಿಂದ ಫಾರ್ಮಿನಲ್ಲಿ ನಿಜ ಬರೆಯಿರಿ. ಮಗುವಿಗೆ ಇಂಗ್ಲಿಷ್ ಎಷ್ಟು ಬರುತ್ತದೆ ಎಂದು ಒಂದು ಚಿಕ್ಕ ಪರೀಕ್ಷೆ ಮಾಡುತ್ತಾರೆ, ಅಷ್ಟೆ. ಇಂಗ್ಲಿಷ್ ಕಲಿಸುವ ವಿಶೇಷ ಕ್ಲಾಸು ಬೇಡವೆಂದರೆ ನಿರಾಕರಿಸುವ ಹಕ್ಕೂ ನಿಮಗಿದೆ.

ಇನ್ನು, ಯಾರಾದರೂ ‘ಮನೆಯಲ್ಲಿ ಕನ್ನಡ ನಿಲ್ಲಿಸಿ, ಸರಿಹೋಗುತ್ತದೆ’ ಎಂದರೆ ಕೇಳಬೇಡಿ. ಎರಡು ಭಾಷೆ ಮಾತಾಡುವುದರಿಂದ ಡಿಸ್ಲೆಕ್ಸಿಯಾ ಬರುವುದಿಲ್ಲ. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಕನ್ನಡ ಓದುವುದೂ ಸಲೀಸಾಗುವುದಿಲ್ಲ. ಕನ್ನಡದ ಅಕ್ಷರಕ್ಕೂ ಉಚ್ಚಾರಕ್ಕೂ ನಂಟು ನೇರವಾಗಿರುವುದರಿಂದ ತಪ್ಪು ಕಡಿಮೆ ಇದ್ದು ನಿಧಾನ ಹೆಚ್ಚು ಕಾಣಬಹುದು. ಭಾನುವಾರದ ಕನ್ನಡ ಕಲಿ ತರಗತಿಯ ಟೀಚರನ್ನು ಕೇಳಿ: ಒತ್ತಕ್ಷರದಲ್ಲಿ ಬಹಳ ತಡವರಿಸುತ್ತಾನಾ? ಜೊತೆಯ ಮಕ್ಕಳಿಗಿಂತ ಅಕ್ಷರ ಹಿಡಿಯಲು ತುಂಬಾ ಕಾಲ ಬೇಕಾಯಿತಾ? ಅವರು ಹೇಳಿದ್ದನ್ನು ನಾಲ್ಕು ಸಾಲಿನಲ್ಲಿ ಬರೆದು ಸೈಕಾಲಜಿಸ್ಟ್‌ಗೆ ಕೊಡಿ. ಈ ಮಾಹಿತಿ ಅವರಿಗೆ ಬೇರೆ ಯಾರಿಂದಲೂ ಸಿಗುವುದಿಲ್ಲ.

ಅಜ್ಜಿ ಹೇಳಿದ್ದನ್ನೂ ಬರೆಯಿರಿ

‘ಅವರಪ್ಪನೂ ಹೀಗೇ ಇದ್ದ ಕಣೇ. ನಾಲ್ಕನೇ ಕ್ಲಾಸಿನ ತನಕ ನೆಟ್ಟಗೆ ಒಂದು ಸಾಲು ಓದುತ್ತಿರಲಿಲ್ಲ. ಈಗ ಅಮೆರಿಕದಲ್ಲಿ ಕೆಲಸ ಮಾಡ್ತಿಲ್ವಾ? ಸುಮ್ಮನಿರು.’ ಎಷ್ಟು ಮನೆಗಳಲ್ಲಿ ಈ ಮಾತು ಕೇಳಿಲ್ಲ! ಅತ್ತೆಯವರು ಸಮಾಧಾನಕ್ಕೆಂದು ಹೇಳಿದ ಈ ಮಾತು ಪರೀಕ್ಷಿಸುವವರಿಗೆ ಮುಖ್ಯವಾದ ಸುಳಿವು. ಓದಿನ ತೊಂದರೆ, ಗಮನದ ತೊಂದರೆ ಎರಡೂ ವಂಶದಲ್ಲಿ ಹರಿದು ಬರುತ್ತವೆ. ಪ್ರಶ್ನಾವಳಿಯಲ್ಲಿ ‘ಕುಟುಂಬದಲ್ಲಿ ಯಾರಿಗಾದರೂ ಇತ್ತೇ?’ ಎಂದು ಕೇಳಿದಾಗ ನಾವು ‘ಇಲ್ಲ’ ಎಂದು ಬರೆದುಬಿಡುತ್ತೇವೆ, ಏಕೆಂದರೆ ನಮ್ಮ ಊರಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. ‘ಓದು ಹತ್ತಲಿಲ್ಲ’ ಎಂದು ಅಂಗಡಿಗೆ ಕೂರಿಸಿದ ಚಿಕ್ಕಪ್ಪನೂ ಲೆಕ್ಕಕ್ಕೆ ಬರುತ್ತಾರೆ.

ಗಮನದ ತೊಂದರೆಯ ಪ್ರಶ್ನಾವಳಿಯಲ್ಲೂ ಇದೇ ಕತೆ. ‘ಹೋಮ್‌ವರ್ಕ್ ಮರೆಯುತ್ತಾನೆಯೇ?’ ಎಂದರೆ ‘ಇಲ್ಲವೇ ಇಲ್ಲ’. ನಿಜ, ಏಕೆಂದರೆ ಅಮ್ಮ ನೆನಪಿಸಿ, ಬ್ಯಾಗಿಗೆ ಹಾಕಿ, ಬಾಗಿಲಲ್ಲಿ ಮತ್ತೊಮ್ಮೆ ಕೇಳುತ್ತಾಳೆ. ಎಡಿಎಚ್‌ಡಿ ಎಂದು ಹೇಳಬೇಕಾದರೆ ಲಕ್ಷಣಗಳು ಮನೆ, ಶಾಲೆಯಂಥ ಎರಡು ಕಡೆಯಾದರೂ ಕಾಣಬೇಕು. ಟೀಚರ್ ‘ಯಾವಾಗಲೂ’ ಎಂದು, ಅಮ್ಮ ‘ಎಂದೂ ಇಲ್ಲ’ ಎಂದು ಗುರುತು ಹಾಕಿದರೆ ಉತ್ತರ ಸಿಗುವುದಿಲ್ಲ. ನೀವು ಪಕ್ಕದಲ್ಲಿ ಇಲ್ಲದಿದ್ದರೆ ಮಗು ಏನು ಮಾಡುತ್ತದೆ ಎಂದು ಯೋಚಿಸಿ ಉತ್ತರಿಸಿ.

ಮತ್ತೆ, ದಯವಿಟ್ಟು ಕೋಚಿಂಗ್ ಬೇಡ. ಗಿಫ್ಟೆಡ್ ಕ್ಲಾಸಿನ ಪರೀಕ್ಷೆಗೆ ವರ್ಕ್‌ಬುಕ್ ತರಿಸಿ ಮಾಡಿಸುವ ಅಭ್ಯಾಸ ನಮ್ಮಲ್ಲಿದೆ. ಇಲ್ಲಿ ಅದು ಜ್ವರದ ಮಗುವಿಗೆ ಮಾತ್ರೆ ನುಂಗಿಸಿ ಥರ್ಮಾಮೀಟರ್ ಇಟ್ಟ ಹಾಗೆ. ಅಂಕ ಏರುತ್ತದೆ, ತೊಂದರೆ ಒಳಗೇ ಉಳಿಯುತ್ತದೆ. ಹಿಂದಿನ ರಾತ್ರಿ ಬೇಗ ಮಲಗಿಸಿ, ಬೆಳಿಗ್ಗೆ ಹೊಟ್ಟೆ ತುಂಬ ತಿನ್ನಿಸಿ, ಅಷ್ಟು ಸಾಕು. ಶಾಲೆ ಮತ್ತು ಖಾಸಗಿ ಎರಡೂ ಕಡೆ ಪರೀಕ್ಷೆ ಮಾಡಿಸುವುದಾದರೆ ಒಬ್ಬರಿಗೊಬ್ಬರ ವಿಷಯ ತಿಳಿಸಿ. ಅದೇ ಪರೀಕ್ಷೆಯನ್ನು ಕೆಲವೇ ತಿಂಗಳಲ್ಲಿ ಮತ್ತೆ ಮಾಡಿದರೆ ಅಭ್ಯಾಸಬಲದಿಂದ ಅಂಕ ಕೆಡುತ್ತದೆ.

25 ಎಂದರೆ ನೂರಕ್ಕೆ 25 ಅಲ್ಲ

ವರದಿ ಕೈಗೆ ಬಂದಾಗ ಪುಟಗಟ್ಟಲೆ ಅಂಕಿಗಳು. ಎರಡು ವಿಷಯ ಗೊತ್ತಿದ್ದರೆ ಸಾಕು.

ಒಂದು, ಸ್ಟ್ಯಾಂಡರ್ಡ್ ಸ್ಕೋರ್. ಇದರಲ್ಲಿ 100 ಎಂದರೆ ಆ ವಯಸ್ಸಿನ ಮಕ್ಕಳ ಸರಾಸರಿ. 90ರಿಂದ 109ರವರೆಗೆ ಸಾಮಾನ್ಯ. ನೂರಕ್ಕೆ ನೂರು ಬಂದಿದೆ ಎಂದು ಹಿಗ್ಗುವುದೂ ಬೇಡ, 95 ಬಂದರೆ ಕುಗ್ಗುವುದೂ ಬೇಡ. ಎರಡು, ಪರ್ಸೆಂಟೈಲ್. 25ನೇ ಪರ್ಸೆಂಟೈಲ್ ಎಂದರೆ ನೂರಕ್ಕೆ 25 ಮಾರ್ಕ್ಸು ಅಲ್ಲ. ಅದೇ ವಯಸ್ಸಿನ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು 25 ಮಕ್ಕಳು ಇವನ ಹಿಂದೆ ಇರುತ್ತಾರೆ ಎಂದರ್ಥ. ಅದು ಸಾಮಾನ್ಯದ ಒಳಗೇ ಬರುತ್ತದೆ. ಸ್ಟ್ಯಾಂಡರ್ಡ್ ಸ್ಕೋರ್ 85 ಎಂದರೆ 16ನೇ ಪರ್ಸೆಂಟೈಲ್, 115 ಎಂದರೆ 84, 130 ಎಂದರೆ 98.

ನಾವೆಲ್ಲ ಮೊದಲು ಹುಡುಕುವುದು ಐಕ್ಯೂ. ಆದರೆ ಒಂದು ಉದಾಹರಣೆ ನೋಡಿ. ಮಾತಿನ ಅರ್ಥಗ್ರಹಿಕೆಯಲ್ಲಿ 124, ಕೆಲಸದ ವೇಗದಲ್ಲಿ 82 ಬಂದ ಮಗು. ಒಂದರಲ್ಲಿ 95ನೇ ಪರ್ಸೆಂಟೈಲ್, ಇನ್ನೊಂದರಲ್ಲಿ 12. ಎರಡನ್ನೂ ಸೇರಿಸಿ ‘ಸಾಮಾನ್ಯ’ ಎಂದು ಬರೆದರೆ, ತಲೆ ಒಲೆಯಲ್ಲಿ ಕಾಲು ಫ್ರಿಜ್ಜಿನಲ್ಲಿ ಇಟ್ಟವನಿಗೆ ‘ಸರಾಸರಿ ಹಿತವಾಗಿದೆ’ ಎಂದ ಹಾಗಾಯಿತು. ಈ ಮಗುವಿಗೆ ಎಲ್ಲ ಅರ್ಥವಾಗುತ್ತದೆ, ಆದರೆ ಪರೀಕ್ಷೆ ಮುಗಿಸಲು ಹೊತ್ತು ಸಾಲದು. ಮನೆಯಲ್ಲಿ ‘ಸೋಮಾರಿ’ ಎಂದು ಬೈಸಿಕೊಳ್ಳುವುದು ಇಂಥವರೇ. ಆದ್ದರಿಂದ ಒಟ್ಟು ಅಂಕಕ್ಕಿಂತ ಏರಿಳಿತ ನೋಡಿ, ಮೀಟಿಂಗಿನಲ್ಲಿ ಅದನ್ನೇ ಕೇಳಿ. ವರದಿಯ ಪ್ರತಿಯನ್ನು ಮೀಟಿಂಗಿಗೆ ಮುಂಚೆಯೇ ಕಳಿಸಿ ಎಂದು ಬರೆಯಿರಿ. ಅಪ್ಪ–ಅಮ್ಮ ಇಬ್ಬರೂ ಹೋಗಿ, ಒಬ್ಬರು ಕೇಳಲಿ, ಒಬ್ಬರು ಬರೆದುಕೊಳ್ಳಲಿ. ಇಂಗ್ಲಿಷಿನಲ್ಲಿ ಇದನ್ನೆಲ್ಲ ಹಿಡಿಯುವುದು ಕಷ್ಟವಾದರೆ ದುಭಾಷಿಯನ್ನು ಕೇಳಿ, ಅದಕ್ಕೂ ಹಣ ಕೊಡಬೇಕಿಲ್ಲ.

ಮುಂದೆ ಎರಡು ದಾರಿ. ಕಲಿಸುವ ವಿಧಾನವೇ ಬೇರೆಯಾಗಬೇಕಾದ ಮಗುವಿಗೆ ಐಇಪಿ. ಹೆಚ್ಚು ಸಮಯ, ಮುಂದಿನ ಬೆಂಚಿನಂಥ ಅನುಕೂಲ ಸಾಕಾಗುವ ಮಗುವಿಗೆ 504 ಪ್ಲಾನ್, 1973ರ ಕಾಯ್ದೆಯ ಒಂದು ಸೆಕ್ಷನ್ನಿನ ಸಂಖ್ಯೆ ಅದು. ಡಿಸ್ಲೆಕ್ಸಿಯಾದ ಮಗುವಿಗೆ ಬರೀ ಹೆಚ್ಚು ಸಮಯ ಕೊಟ್ಟರೆ ಸಾಲದು. ಅಕ್ಷರಕ್ಕೂ ಶಬ್ದಕ್ಕೂ ಇರುವ ನಂಟನ್ನು ಮೊದಲಿನಿಂದ, ಕ್ರಮವಾಗಿ, ಬಿಡಿಸಿ ಬಿಡಿಸಿ ಕಲಿಸಬೇಕು. ಶಾಲೆಯ ಪರೀಕ್ಷೆಯನ್ನು ನೀವು ಒಪ್ಪದಿದ್ದರೆ, ಹೊರಗಿನವರಿಂದ ಶಾಲೆಯ ಖರ್ಚಿನಲ್ಲೇ ಇನ್ನೊಂದು ಪರೀಕ್ಷೆ ಕೇಳುವ ಹಕ್ಕಿದೆ. ಆಗ ಶಾಲೆ ಒಂದೋ ಹಣ ಕೊಡಬೇಕು, ಇಲ್ಲವೇ ತನ್ನ ಪರೀಕ್ಷೆ ಸರಿಯಾಗಿದೆ ಎಂದು ವಿಚಾರಣೆಯಲ್ಲಿ ಸಾಧಿಸಬೇಕು.

ಕಾಲೇಜಿಗೆ ಹೋದವರು

ತಡವಾಗಿ ಗೊತ್ತಾಗುವವರೂ ಇದ್ದಾರೆ. ಹೈಸ್ಕೂಲಿನವರೆಗೆ ಎಲ್ಲದರಲ್ಲೂ ‘ಎ’, ಕಾಲೇಜಿನ ಮೊದಲ ಸೆಮಿಸ್ಟರಿನಲ್ಲಿ ಕುಸಿತ. ಅಮ್ಮನೇ ಅಲಾರಂ, ಅಮ್ಮನೇ ಕ್ಯಾಲೆಂಡರ್ ಆಗಿದ್ದ ಮನೆಗಳಲ್ಲಿ ಇದು ಹೆಚ್ಚು. ಹಾಸ್ಟೆಲಿನಲ್ಲಿ ಆ ಕ್ಯಾಲೆಂಡರ್ ಇರುವುದಿಲ್ಲ. ಆಗ ಮಾಡಿಸಿದ ಪರೀಕ್ಷೆಯಿಂದಲೂ ಲಾಭವಿದೆ.

ಆದರೆ ನಿಯಮ ಬದಲಾಗುತ್ತದೆ. ಐಇಪಿ ಕಾಲೇಜಿಗೆ ಬರುವುದಿಲ್ಲ. ಅಲ್ಲಿ ಮಗ ಅಥವಾ ಮಗಳೇ ಅಂಗವೈಕಲ್ಯ ಸೇವೆಗಳ ಕಚೇರಿಗೆ ಹೋಗಿ, ದಾಖಲೆ ತೋರಿಸಿ ಕೇಳಬೇಕು. ಪರೀಕ್ಷೆ ಮಾಡಿಸಿಕೊಡುವ ಹೊಣೆ ಕಾಲೇಜಿಗಿಲ್ಲ. ಕಾಲೇಜಿಗೆ ಸೇರಿದ ಮೇಲೆ ಅವರ ಒಪ್ಪಿಗೆ ಇಲ್ಲದೆ ದಾಖಲೆಗಳನ್ನು ನಿಮಗೆ ಸಾಮಾನ್ಯವಾಗಿ ತೋರಿಸುವುದೂ ಇಲ್ಲ. ಹೈಸ್ಕೂಲ್ ಮುಗಿಯುವ ಮುಂಚೆ ವರದಿಯನ್ನು ಹೊಸದಾಗಿಸಿಕೊಳ್ಳುವುದು ಒಳ್ಳೆಯದು. ಮೂರು ವರ್ಷಕ್ಕೊಮ್ಮೆ ಶಾಲೆ ಮಾಡಬೇಕಾದ ಮರುಪರೀಕ್ಷೆಯನ್ನು ಆ ಹೊತ್ತಿಗೆ ಮಾಡಿಸಿಕೊಳ್ಳಿ. ಎಸ್‌ಎಟಿಗೆ ಹೆಚ್ಚು ಸಮಯ ಬೇಕೆಂದರೆ ಕಾಲೇಜ್ ಬೋರ್ಡಿನ ಅನುಮತಿ ಬೇಕು, ಅದಕ್ಕೆ ಏಳು ವಾರದವರೆಗೂ ಹಿಡಿಯಬಹುದು.

ಊರಿಗೆ ಮರಳುವವರೂ ವರದಿಯನ್ನು ಜೋಪಾನವಾಗಿ ತೆಗೆದುಕೊಂಡು ಹೋಗಿ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆ ಪರೀಕ್ಷೆ ಮಾಡುತ್ತಾರೆ.

ಮಗುವಿಗೆ ಏನು ಹೇಳುವುದು

ಪರೀಕ್ಷೆಗೆ ಮುಂಚೆ ಇಷ್ಟು ಹೇಳಿ: ‘ನಿನಗೆ ಯಾವುದು ಸುಲಭ, ಯಾವುದು ಕಷ್ಟ ಎಂದು ಒಬ್ಬರು ನೋಡುತ್ತಾರೆ. ಕೆಲವು ಪ್ರಶ್ನೆ ಸುಲಭ, ಕೆಲವು ಯಾರಿಗೂ ಬರದಷ್ಟು ಕಷ್ಟ. ಬರದಿದ್ದರೆ ಬರಲ್ಲ ಅನ್ನು.’ ಮುಗಿದ ಮೇಲೆ ‘ಎಷ್ಟು ಬಂತು’ ಎಂದು ಕೇಳಬೇಡಿ.

ವರದಿ ಬಂದ ಮೇಲೂ ಬಚ್ಚಿಡಬೇಡಿ. ನಾವು ಹೆಸರನ್ನು ಬಚ್ಚಿಟ್ಟರೆ ಮಗು ತಾನೇ ಒಂದು ಹೆಸರು ಇಟ್ಟುಕೊಳ್ಳುತ್ತದೆ, ಅದು ಡಿಸ್ಲೆಕ್ಸಿಯಾಕ್ಕಿಂತ ಕೆಟ್ಟದಾಗಿರುತ್ತದೆ. ನಮ್ಮ ಮನೆಯಲ್ಲಿ ಒಂದು ಭಾನುವಾರ ದೋಸೆ ಹುಯ್ಯುತ್ತಾ ಹೇಳಿದೆ. ‘ನಿನ್ನ ತಲೆಗೆ ಅಕ್ಷರ ಬಿಡಿಸಿಕೊಳ್ಳಲು ಬೇರೆಯವರಿಗಿಂತ ಹೆಚ್ಚು ಹೊತ್ತು ಬೇಕು. ಅದಕ್ಕೆ ಡಿಸ್ಲೆಕ್ಸಿಯಾ ಅಂತಾರೆ. ಅಪ್ಪನಿಗೂ ಇತ್ತು, ಆಗ ಯಾರಿಗೂ ಗೊತ್ತಾಗಲಿಲ್ಲ.’ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: ‘ಅಂದ್ರೆ ನಾನು ದಡ್ಡ ಅಲ್ವಾ?’

ಈ ಪ್ರಶ್ನೆಗೆ ಉತ್ತರ ಒಂದೂವರೆ ವರ್ಷ ಮುಂಚೆಯೇ ಕೊಡಬಹುದಿತ್ತು. ನಿಮ್ಮ ಇನ್‌ಬಾಕ್ಸಿನಲ್ಲಿ ಅಂಥ ಈಮೇಲ್ ಇದ್ದರೆ, ಇವತ್ತೇ ಉತ್ತರ ಬರೆಯಿರಿ. ಫಾರ್ಮಿನಲ್ಲಿ ಮನೆಯ ಭಾಷೆ ಎಂಬಲ್ಲಿ ಕನ್ನಡ ಎಂದೇ ಬರೆಯಿರಿ.